ಸೆರಗಿನೊಳಗಿನ ಕೈಗಳು

ಶಹಾಪುರದ ವಕೀಲೆ ಹಬೀಬಾ ಕೂಸಿನ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಶೇಖಮ್ಮ ತನ್ನೆರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಕಾಲುವೆ ಗದ್ದೆಗಳಲ್ಲಿ ಭತ್ತದ ನಾಟಿ ಮಾಡಿ ಒರಟಾದ ಕೈಗಳು. ಮೊನ್ನೆ ಮೊಮ್ಮಗನಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಎಡಗೈಯನ್ನು ಎದೆಯ ಮೇಲೆ ಅಡ್ಡ ಮಡಚಿದ್ದೇ ತಡ, ಕೂಸು ಚೀರಿತ್ತು. ಎಕ್ಸ್‌ರೇ ತೆಗೆಸಿದರೆ ಹೆಗಲ ಎಲುಬು ಮುರಿದಿತ್ತು. ಹೆರಿಗೆ ಮಾಡಿಸಿದ ಆಸ್ಪತ್ರೆಯವರು, "ನಮ್ಮಲ್ಲಿ ಆಗಿದ್ದಲ್ಲ, ನೀರು ಹಾಕಿದವರನ್ನ ಕೇಳ್ರಿ" ಎಂದುಬಿಟ್ಟರು. ಅಂದಿನಿಂದ ಸೊಸೆ ದೇವಕಮ್ಮ ಕೂಸನ್ನು ಅತ್ತೆಯ ಕೈಗೆ ಕೊಟ್ಟಿರಲಿಲ್ಲ.

"ಕೂಸು ಮನಿಗೆ ಬಂದದ್ದು ಯಾವತ್ತು?" ಹಬೀಬಾ ಕೇಳಿದಳು.

"ಹತ್ತು ದಿನ ದವಾಖಾನ್ಯಾಗೇ ಇಟ್ಕೊಂಡಿದ್ರು. ಮೊನ್ನಿ ಬಂದೀವ್ರಿ. ಬಂದ ಕೂಡ್ಲೇ ಅತ್ತಿ ನೀರು ಹಾಕ್ಯಾಳ," ಎಂದಳು ದೇವಕಮ್ಮ, ಅತ್ತೆಯತ್ತ ನೋಡದೆ.

ಹಬೀಬಾ ಹಾಳೆಯ ಮೇಲಿನ ಬಿಳಿ ಉಬ್ಬಿಗೆ ಬೆರಳಿಟ್ಟಳು. "ಮುರಿದ ಎಲುಬು ಕೂಡಾಕತ್ತದ, ಅದರ ಗಂಟು ಇದು. ಎರಡು ದಿನದಾಗ ಇಷ್ಟು ಕಟ್ಟಂಗಿಲ್ಲ ಅಂತ ಎಲುಬಿನ ಡಾಕ್ಟರ್ ಬರದು ಕೊಟ್ಟಾರ. ಹೆರಿಗ್ಯಾಗೇ ಮುರದದ. ಹೆರಿಗಿ ಕಾಗದ ಎಲ್ಲಾ ತರಸ್ತೀನಿ. ಅವರ ತಪ್ಪು ಕಂಡ್ರ ಗ್ರಾಹಕರ ಕೋರ್ಟಿಗೆ ಹೋಗೋಣ. ಕೂಸಿನ ಚಿಂತಿ ಬಿಡ್ರಿ, ಕೈ ನೆಟ್ಟಗಾಗ್ತದ."

ದೇವಕಮ್ಮ ಎದ್ದು ಬಂದು ಅತ್ತೆಯೆದುರು ನಿಂತಳು.

"ಎರಡು ದಿನದಿಂದ ಒಬ್ಬಾಕೀನೇ ಎತ್ತಿ ಎತ್ತಿ ನನ್ನ ರಟ್ಟಿ ಬಿದ್ದು ಹೋಗ್ಯಾವ," ಎಂದಳು. "ಕೈ ಹೊರಗ ತಗಿ ಅತ್ತಿ, ಕೂಸಿನ್ನ ಹಿಡಿ."