ತಟ್ಟೆಗೆ ಬೀಳದ ತುಪ್ಪ

ಮಗಳ ಮದುವೆಯ ಬೀಗರೂಟದಲ್ಲಿ ನೀಲವ್ವ ಹೋಳಿಗೆ ಬಡಿಸುತ್ತಿದ್ದಂತೆ ಊಟ ಅಳೆದು ಎಚ್ಚರಿಸುವ ಯಂತ್ರದ ತಟ್ಟೆಗಳು ಎಂದಿನಂತೆ ಗದರತೊಡಗಿದವು. ಬೀಗಿತ್ತಿ ಸಂಗವ್ವನ ತಟ್ಟೆಯಂತೂ, "ಈ ಬೆಲ್ಲದ ಕಬ್ಬು ಬೆಳೆಯಲು ಒಂದು ತೊಟ್ಟಿ ನೀರು ಖರ್ಚಾಗಿದೆ. ತುಪ್ಪ ಬಿದ್ದರೆ ನಿಮ್ಮ ಆಯುಷ್ಯದಲ್ಲಿ ಅರ್ಧ ತಾಸು ಖೋತಾ," ಎಂದು ಪಂಕ್ತಿಗೆಲ್ಲ ಕೇಳುವಂತೆ ಕೂಗಿತು.

ತುಪ್ಪವೆಂದರೆ ಪ್ರಾಣವಾಗಿದ್ದ ಸಂಗವ್ವ ಮುಖ ಸಣ್ಣದು ಮಾಡಿಕೊಂಡು ತಟ್ಟೆಗೆ ಕೈ ಅಡ್ಡ ಹಿಡಿದಳು. "ಸಾಕ್ರಿ, ಬ್ಯಾಡ್ರಿ."

ನೀಲವ್ವನಿಗೆ ರೇಗಿತು. "ನಮ್ಮನಿ ಊಟಾ ಬ್ಯಾಡ ಅನ್ನಾಕ ಈ ತಾಟು ಯಾವೂರ ದೊಣ್ಣಿ ನಾಯಕ್ರೀ? ಅಂಗೈ ಮ್ಯಾಲ ಮಾಡ್ರಿ!"

ಅಡ್ಡ ಬಂದ ಕೈಗೇ ಬಡಿಸುವುದು ಬೀಗರೂಟದ ಹಳೆಯ ಚೇಷ್ಟೆ. ನೀಲವ್ವ ಅಂಗೈ ತುಂಬ ತುಪ್ಪ ಸುರಿದಳು. ತನ್ನ ಮೇಲೆ ಬಿದ್ದದ್ದನ್ನಷ್ಟೇ ಅಳೆಯಬಲ್ಲ ತಟ್ಟೆ ಸುಮ್ಮನಿತ್ತು. ಸಂಗವ್ವ ಅದನ್ನೇ ದುರುಗುಟ್ಟಿ ನೋಡುತ್ತ ತುಪ್ಪವನ್ನು ಸೊರ್ರೆಂದು ಹೀರಿದಳು.

ಪಂಕ್ತಿಯುದ್ದಕ್ಕೂ ಅಂಗೈಗಳು ಚಾಚಿಕೊಂಡವು.