6174ಕ್ಕೆ ಏಳು ಸಲ

“ಯಾವುದಾರ ನಾಕು ಅಂಕಿ ಹೇಳ್ರಿ” ಎಂದು ಅಂದಾನೆಪ್ಪ ಕೇಳಿದ್ದೇ ತಡ, ಬಸ್ ನಿಲ್ದಾಣದ ಬೆಂಚಿನಲ್ಲಿ ಪಕ್ಕದಲ್ಲಿದ್ದ ಹುಡುಗಿ ಮೊಬೈಲನ್ನು ಬ್ಯಾಗಿಗೆ ತುರುಕಿಕೊಂಡು ಎದ್ದಳು. ಹೋಗಿ ನಿಂತದ್ದು ನೇರ ಬಸ್ ಕಂಟ್ರೋಲರ್ ಕಲ್ಮೇಶನ ಕಿಟಕಿಯ ಮುಂದೆ.

ಕಲ್ಮೇಶ ಹೊರಗೆ ಬಂದ. ಇದೇ ಬನಹಟ್ಟಿ ನಿಲ್ದಾಣದಿಂದ ಮೂವತ್ತು ವರ್ಷ ಕಂಡಕ್ಟರಾಗಿ ಓಡಾಡಿದ ಅಂದಾನೆಪ್ಪನಂಥ ಹಿರಿಯನಿಗೆ ಬುದ್ಧಿ ಹೇಳುವುದು ಅವನಿಗೂ ಮುಜುಗರವೇ. ಈ ವಾರ ಇದು ಮೂರನೇ ದೂರು, ನಾಲ್ಕು ಅಂಕಿ ಕೇಳಿದರೆ ಸಾಕು, ಈಗಿನ ಜನ ಓಟಿಪಿ ಕದಿಯುವವನೆಂದೇ ತಿಳಿಯುತ್ತಾರೆ ಎಂದ. “ಇನ್ನೊಮ್ಮಿ ಯಾರರ ಬಂದು ಹೇಳಿದ್ರ ನಿಮಗ ಇಲ್ಲಿ ಕುಂದ್ರಾಕ ಬಿಡಾಕ ಆಗೂದಿಲ್ರಿ” ಎಂದು ನೆಲ ನೋಡುತ್ತ ಹೇಳಿ ಒಳಗೆ ಹೋದ.

ಅಂದಾನೆಪ್ಪನಿಗೆ ಬೇಕಾಗಿದ್ದು ಕಾಲು ಗಂಟೆಯ ಮಾತು, ಅಷ್ಟೇ. ನೌಕರಿ ಮುಗಿದು, ಹೆಂಡತಿಯೂ ಹೋದ ಮೇಲೆ ಮಾತು ಎತ್ತಲು ಅವನಿಗೆ ಇದೊಂದೇ ನೆಪ ಉಳಿದಿತ್ತು. ಯಾವುದೇ ನಾಲ್ಕು ಅಂಕಿ ತೆಗೆದುಕೊಳ್ಳಿ, ನಾಲ್ಕೂ ಒಂದೇ ಆಗಿರಬಾರದು. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋಗಿ. ಎಲ್ಲಿಂದ ಹೊರಟರೂ ಬಂದು ನಿಲ್ಲುವುದು 6174ರಲ್ಲಿ. ಅಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ ಮತ್ತೆ ಅದೇ. ಕೆಲವು ಒಂದೇ ಸಲಕ್ಕೆ ಮುಟ್ಟುತ್ತವೆ, ಕೆಲವಕ್ಕೆ ಏಳು ಸಲ ಬೇಕು. ಬೇಗ ಮುಗಿಯುವ ಸಂಖ್ಯೆ ಹೇಳಿದವರ ಮೇಲೆ ಅವನಿಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಪೆನ್ನು ಜೇಬಿಗಿಟ್ಟು ಇನ್ನೇನು ಏಳಬೇಕು, ಬೆಂಚಿನ ಆ ತುದಿಯಿಂದ ಒಬ್ಬ ಹೆಂಗಸು, “ಎರಡು, ಸೊನ್ನಿ, ಸೊನ್ನಿ, ಐದು” ಎಂದಳು. ಅಂಗಡಿಯಲ್ಲಿ ಸೀರೆ ಮಡಿಸುವ ಕೆಲಸದ ಮಂಗಲಾ, ದಿನಾ ಸಂಜೆ ತೇರದಾಳದ ಬಸ್ಸು ಕಾಯುವವಳು. ಹೋದ ತಿಂಗಳು ಅವಳಿಗೂ ಒಮ್ಮೆ ಈ ಲೆಕ್ಕ ತೋರಿಸಿದ್ದ.

ಅಂದಾನೆಪ್ಪ ಹೆದರಿ ಕಲ್ಮೇಶನ ಕಿಟಕಿಯತ್ತ ನೋಡಿದ.

“ಬರೀರಿ ಅಣ್ಣಾರ. ನಾ ಏನ್ ದೂರು ಕೊಡೂದಿಲ್ಲ.”

ಕೈಯಲ್ಲಿದ್ದ ಪೇಪರಿನ ಅಂಚಿನಲ್ಲಿ ಬರೆಯತೊಡಗಿದ. 5200ರಲ್ಲಿ 0025 ಕಳೆದರೆ 5175. ಅದರಿಂದ 5994. ತೇರದಾಳದ ಬಸ್ಸು ಬಂತು, ಮಂಗಲಾ ಏಳಲಿಲ್ಲ. 5355. 1998. ಬಸ್ಸು ಹೋಯಿತು. 8082. 8532. ಆರು ಸಲ ಆಗಿತ್ತು, ಇನ್ನೊಂದು ಸಲ ಕಳೆದರೆ 6174. ಅವನ ಕೈ ನಿಂತಿತು.

“ಏಳು ಸಲದ್ದ ನೋಡಿ ಆರಿಸಿ ಹೇಳಿದ್ರೇನ್ರಿ?”

“ಹೂಂ ರೀ” ಎಂದಳು. “ಮನಿಯಾಗ ಮಾತಾಡಾಕ ಯಾರ ಅದಾರ್ರಿ. ಅಡಿಗಿ ಆತಂದ್ರ ಇದನ್ನ ಮಾಡ್ಕೋತ ಕುಂದರತೇನಿ. ಎಂಟು ಸಲ ಹೋಗೂವಂಥಾದ್ದು ಒಂದರ ಸಿಗತೈತೇನಂತ ಭಾಳ ಹುಡುಕಿದೆ. ಒಂದೂ ಇಲ್ರಿ.”

ಅಂದಾನೆಪ್ಪ ಪೆನ್ನಿಗೆ ಮುಚ್ಚಳ ಹಾಕಿದ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಅವಳ ಕೈಗೆ ಕೊಟ್ಟ.

“ಮರೀದ ತರ್ರಿ. ಏಳನೇದ್ದು ನಾಳೆ ಮಾಡೂಣ.”