ಎಂಟನೆಯ ಮಗ್ಗ

ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ. ನವಲಗುಂದದ ಕೈಗಾರಿಕಾ ವಸಾಹತಿನ ಒಂಬತ್ತನೇ ಶೆಡ್ಡಿನಲ್ಲಿ ಇರಬಾರದ ಮೂರು ಹೊಲಿಗೆ ಯಂತ್ರಗಳಿದ್ದವು. ತಪಾಸಣೆಯ ಅಧಿಕಾರಿ ಹನ್ನೊಂದಕ್ಕೆ ಬರುವವರಿದ್ದರು.

ಶೆಡ್ಡು ಜುಲೇಖಾಬಿಯ ಹೆಸರಿನಲ್ಲಿತ್ತು. ಸರ್ಕಾರ ಅದನ್ನು ಗುತ್ತಿಗೆಗೆ ಕೊಟ್ಟದ್ದು ಜಮಖಾನ ನೇಯಲು. ಲಿಖಿತ ಅನುಮತಿಯಿಲ್ಲದೆ ಒಂದು ಗೇಣು ಜಾಗವನ್ನೂ ಹೊರಗಿನವರಿಗೆ ಒಳಬಾಡಿಗೆ ಕೊಡುವಂತಿಲ್ಲ. ಕೊಟ್ಟರೆ ಮೂವತ್ತು ದಿನದಲ್ಲಿ ಶೆಡ್ಡು ಖಾಲಿ. ಆರು ವರ್ಷ ಅರ್ಜಿ ಹಿಡಿದು ಓಡಾಡಿ ಪಡೆದದ್ದು. ಅದಕ್ಕೆ ಮೊದಲು ಮಗ್ಗಗಳು ಅಡುಗೆಮನೆಯ ಹೊಗೆಯಲ್ಲಿ ನಿಂತಿದ್ದವು. ಇಷ್ಟೆಲ್ಲ ಗೊತ್ತಿದ್ದೂ ಹೋದ ವರ್ಷ ಮಗ ಮುಜಫರ್, "ಆ ಮೂಲಿ ಖಾಲಿನ ಐತಲ್ಲಮ್ಮ" ಎಂದಾಗ, ಶಾಲೆಯ ಸಮವಸ್ತ್ರ ಹೊಲಿಯುವ ಶಮಾ ಎಂಬ ಹುಡುಗಿಗೆ ಮೂಲೆ ಕೊಟ್ಟಾಯಿತು. ಅನುಮತಿಯ ಮಾತು ಹಿಂದೆ ಬಿತ್ತು.

ಈಗ ಜುಲೇಖಾಬಿ ಎರಡು ಯಂತ್ರಗಳ ಮೇಲೆ ಜಮಖಾನ ಎಳೆದಳು. ಮೂರನೆಯದಕ್ಕೆ ಹೊದಿಸಿದ್ದು ಗಿಡ್ಡವಾಗಿ, ಕೆಳಗೆ ಪೆಡಲು ಇಣುಕಿತು. ನೂರಿಪ್ಪತ್ತು ನೀಲಿ ಲಂಗಗಳ ಗಂಟು ಉಳಿಯಿತು. ಎಪ್ಪತ್ತೆಂಟರ ಅತ್ತೆ ಹಸನಬಿಯನ್ನು ಅದರ ಮೇಲೆಯೇ ಕೂರಿಸಿದಳು.

"ಏಳಬ್ಯಾಡ್ರಿ ಮತ್ತ."

"ಏಳು ಅಂದ್ರೂ ಏಳಾಂಗಿಲ್ಲ. ಮೆತ್ತಗ ಐತಿ," ಎಂದು ಹಸನಬಿ ಅಡಿಕೆ ಬಾಯಿಗೆ ಹಾಕಿಕೊಂಡಳು. ಮನೆಯಲ್ಲಿ ಬೇಸರವೆಂದು ನಾಲ್ಕು ತಿಂಗಳಿಂದ ಮುದುಕಿ ದಿನಾ ಮಧ್ಯಾಹ್ನ, ಜುಲೇಖಾಬಿ ಊಟಕ್ಕೆ ಹೋದ ಹೊತ್ತಿನಲ್ಲಿ, ಶೆಡ್ಡಿಗೆ ಬಂದು ಕೂರುತ್ತಿದ್ದಳು. ಇವತ್ತು ಬೆಳಿಗ್ಗೆಯೇ ಬಂದಿದ್ದಳು.

ಉಳಿದವಳು ಶಮಾ. ಎಂಟು ಮಗ್ಗಗಳಲ್ಲಿ ಏಳಕ್ಕೆ ನೇಯುವವರು ಬಂದಿದ್ದರು, ಎಂಟನೆಯದರವಳು ತವರಿಗೆ ಹೋಗಿದ್ದಳು. ಜುಲೇಖಾಬಿ ಶಮಾಳನ್ನು ಅಲ್ಲಿ ಕೂರಿಸಿ, ನೂಲು ಬಡಿದು ಕೂರಿಸುವ ಕಬ್ಬಿಣದ ಪಂಜಾ ಕೈಗಿಟ್ಟಳು. "ಬರೇ ಹಿಡಕೊಂಡು ಕೂಡು. ಬಡದೀ ಅಂದ್ರ ಬಣ್ಣ ಬಯಲಾಗ್ತದ."

"ಹೂಂ ಖಾಲಾ," ಎಂದಳು ಶಮಾ. ನಗು ತಡೆದುಕೊಂಡಂತೆ ಕಂಡಿತು.

ಅಧಿಕಾರಿ ವೃಂದಾ ಹತ್ತು ನಿಮಿಷ ಮುಂಚೆಯೇ ಬಂದರು. ಅಣ್ಣಿಗೇರಿಯವರು, ಕೈಯಲ್ಲಿ ಉದ್ದನೆಯ ಪಟ್ಟಿ. ಮಗ್ಗ ಎಣಿಸಿದರು, ಎಂಟು. ಮಂದಿ ಎಣಿಸಿದರು. ಹಾಜರಿ ಪುಸ್ತಕ ನೋಡಿ ಶಮಾಳ ಮುಂದೆ ನಿಂತರು.

"ಈಕಿ ಹೆಸರು ಇಲ್ಲಲ್ರಿ ಇದರಾಗ?"

"ನನ್ನ ಮಗಳ್ರಿ ಮೇಡಮ್ಮಾರ."

"ಮಗಳು?" ವೃಂದಾ ಪೆನ್ನು ನಿಲ್ಲಿಸಿದರು. "ನವಲಗುಂದದಾಗ ಮಗಳಿಗೆ ಮಗ್ಗ ಯಾವಾಗಿಂದ ಕಲಿಸಾಕ ಹತ್ತಿದ್ರಿ?"

ಜುಲೇಖಾಬಿಗೆ ತನ್ನ ತಪ್ಪು ಹೊಳೆಯಿತು. ಇದು ಊರಿಗೆಲ್ಲ ಗೊತ್ತಿದ್ದ ಮಾತು. ಮಗಳು ಕಲಿತರೆ ವಿದ್ಯೆ ಗಂಡನ ಮನೆಗೆ ಹೋಗುತ್ತದೆ. ಅದಕ್ಕೇ ಅತ್ತೆ ಕಲಿಸುವುದು ಸೊಸೆಗೆ ಮಾತ್ರ.

"ಸೊಸಿರಿ," ಎಂದಳು. "ಸೊಸಿ ಅಂದ್ರೂ ಮಗಳಽ ಅಲ್ಲೇನ್ರಿ?"

ಚಹಾ ಹಿಡಿದು ಬರುತ್ತಿದ್ದ ಮುಜಫರ್‌ನ ಕೈಯಿಂದ ಎರಡು ಲೋಟ ಬಿದ್ದವು.

"ಹಂಗಾರ ನೇಯಲಿ, ನೋಡೂಣು," ಎಂದರು ವೃಂದಾ.

ಮುಗಿಯಿತು ಎಂದುಕೊಂಡಳು ಜುಲೇಖಾಬಿ. ಶಮಾ ಮಗ್ಗದ ಕಡೆ ತಿರುಗಿದಳು. ಅರ್ಧಕ್ಕೆ ನಿಂತಿದ್ದದ್ದು ನವಿಲಿನ ಕತ್ತು. ಹಸಿರು ಎಳೆ ಹಾಯಿತು, ಹಳದಿ ಹಿಂದೆಯೇ ಬಂತು, ಪಂಜಾ ಟಕಟಕನೆ ಬಡಿಯಿತು. ಕತ್ತು ಬಾಗುವಲ್ಲಿ ಒಂದು ಕೆಂಪೆಳೆಯನ್ನು ಹಿಂದಕ್ಕೆ ಮಡಿಚಿ ತರಬೇಕು. ಅದು ಈ ಮನೆಯ ಕೈ, ಬೇರೆ ಮನೆಯಲ್ಲಿಲ್ಲ. ಹುಡುಗಿ ಮಡಿಚಿ ತಂದಳು.

ಜುಲೇಖಾಬಿ ಅಧಿಕಾರಿಯನ್ನೂ ಮರೆತು ಆ ಬೆರಳುಗಳನ್ನೇ ನೋಡಿದಳು. ಮುಜಫರ್‌ಗೆಂದು ನೋಡಿದ ನಾಲ್ಕು ಹುಡುಗಿಯರ ಬೆರಳು ಹಿಸುಕಿ, "ಪಂಜಾ ಹಿಡಿಯೂ ಕೈ ಅಲ್ಲ" ಎಂದು ತಿರುಗಿ ಬಂದಿದ್ದಳು. ಪ್ರತಿ ಸಲವೂ ಮುಜಫರ್ ಅವತ್ತು ರಾತ್ರಿ ಒಂದು ರೊಟ್ಟಿ ಹೆಚ್ಚೇ ತಿಂದಿದ್ದ.

"ಆ ಪೆಡಲ್ಲು?" ವೃಂದಾ ಜಮಖಾನ ಎತ್ತಿಯೇಬಿಟ್ಟರು.

"ನಂದ್ರಿ," ಎಂದಳು ಶಮಾ, ಕೈ ನಿಲ್ಲಿಸದೆ. "ಹೊಲಿಗಿನೂ ಮಾಡ್ತೀನ್ರಿ."

ವೃಂದಾ ಪಟ್ಟಿ ತಿರುವಿದರು. "ಮನಿಯವರ ಆದ್ರ ಒಳಬಾಡಿಗಿ ಅಂತ ಬರೂದಿಲ್ಲ. ಹೊಲಿಗಿ ಕೆಲಸಾನೂ ಸೇರಸ್ರಿ ಅಂತ ಒಂದು ಅರ್ಜಿ ಕೊಟ್ರ ಮುಗೀತು. ಆದ್ರ ಸೊಸಿ ಅನ್ನಾಕ ದಾಖಲಿ ಬೇಕು. ಲಗ್ನದ ನೋಂದಣಿ ಪತ್ರ. ಹದಿನೈದು ದಿನ ಟೈಮ್ ಕೊಡ್ತೀನಿ." ಅಷ್ಟು ಹೇಳಿ ಗೋಡೆ ಅಳೆಯಲು ಹೊರಗೆ ಹೋದರು.

ಹದಿನೈದು ದಿನ! ಜುಲೇಖಾಬಿಯ ತಲೆಯಲ್ಲಿ ಆಗಲೇ ಬ್ಯಾಂಡು ಬಾರಿಸತೊಡಗಿತ್ತು. ಖಾಜಿಯವರು ಪಕ್ಕದ ಓಣಿಯಲ್ಲೇ ಇದ್ದರು. ಹುಡುಗಿಯ ಬೆರಳು ಕಣ್ಣೆದುರೇ ಓಡುತ್ತಿದ್ದವು. ಶೆಡ್ಡು ಉಳಿಯುತ್ತದೆ, ಸೊಸೆಯೂ ಸಿಗುತ್ತಾಳೆ. ಮಗನ ತೋಳು ಹಿಡಿದು ಮೂಲೆಗೆ ಎಳೆದಳು.

"ಲೇ, ಹದಿನೈದು ದಿನದಾಗ ಈಕಿನ್ನ ಲಗ್ನ ಆಗ್ತೀಯೇನು?"

ಮುಜಫರ್ ನೆಲ ನೋಡಿದ. "ಆಗಾಕ ಬರೂದಿಲ್ಲಮ್ಮ."

"ಯಾಕ ಬರೂದಿಲ್ಲ? ಏನ್ ಕಡಿಮಿ ಐತಿ ಹುಡುಗಿಗೆ? ನನ್ನ ಕೈಗಿಂತ ಚಲೋ ಐತಿ ಆಕಿ ಕೈ. ಶೆಡ್ಡು ಹೋಗ್ತದಲೇ!"

"ಬಾಯಿಲೆ ಅಂದೀ ನೋಡು," ಎಂದಳು ಹಸನಬಿ ಗಂಟಿನ ಮೇಲಿಂದ. "ಚಲೋ ಐತಿ ಅಂದೀ. ಮುಜಫರ್, ನೀನೂ ಕೇಳಿದಿ ಹೌದಲ್ಲೋ?"

"ಕೇಳಿದ್ನಿ ದಾದಿ," ಎಂದ ಮೊಮ್ಮಗ.

ಏಳೆಂದರೂ ಏಳುವುದಿಲ್ಲ ಎಂದಿದ್ದ ಮುದುಕಿ ತಾನಾಗಿಯೇ ಎದ್ದಳು. ಲಂಗಗಳ ಗಂಟಿನೊಳಗೆ ಕೈ ಹಾಕಿ ಪ್ಲಾಸ್ಟಿಕ್ ಚೀಲವೊಂದನ್ನು ಎಳೆದು, ಆಗಷ್ಟೇ ಒಳಗೆ ಬಂದ ವೃಂದಾ ಅವರ ಕೈಗೆ ಕೊಟ್ಟಳು.

ಅದು ಮುಜಫರ್ ಮತ್ತು ಶಮಾಳ ವಿವಾಹ ನೋಂದಣಿ ಪತ್ರ. ನೋಂದಣಿಯಾಗಿ ನಾಲ್ಕು ತಿಂಗಳಾಗಿತ್ತು, ಮುದುಕಿ ಮಧ್ಯಾಹ್ನ ಶೆಡ್ಡಿಗೆ ಬರತೊಡಗಿದಷ್ಟೇ ಕಾಲ, ಮತ್ತು ಮೂರನೆಯ ಸಾಕ್ಷಿಯ ಜಾಗದಲ್ಲಿ ಹಸನಬಿಯ ಹೆಬ್ಬೆರಳಿನ ಗುರುತಿತ್ತು.